ಕಪ್ಪಾದ ಪರದೆಯ ಹಿಂದೆ: ಹಳೆಯ ಗ್ರಾಫಿಕ್ಸ್ ಕಾರ್ಡಿನ ರೋಗಪತ್ತೆ ಮತ್ತು ದುರಸ್ತಿ

ಗಣಕಯಂತ್ರದ ಗುಂಡಿ ಒತ್ತಿದರೆ ಒಳಗಿನ ಫ್ಯಾನ್ ತಿರುಗುತ್ತದೆ, ಹಾರ್ಡ್‌ಡಿಸ್ಕ್ ಗುರುಗುಟ್ಟುತ್ತದೆ, ಮುಂಭಾಗದ ಹಸಿರು ದೀಪ ಉರಿಯುತ್ತದೆ. ಮಾನಿಟರಿನಲ್ಲಿ ಮಾತ್ರ ಕತ್ತಲೆ. ಗೋಕಾಕ, ಮೂಡಲಗಿ, ಹುಕ್ಕೇರಿಯಂತಹ ಊರುಗಳ ಮುದ್ರಣಾಲಯ, ಡಿಟಿಪಿ ಕೇಂದ್ರ, ಸಹಕಾರಿ ಸಂಘಗಳ ಮೂಲೆಯಲ್ಲಿ ಹದಿನೈದು ಇಪ್ಪತ್ತು ವರ್ಷಗಳಿಂದ ದುಡಿಯುತ್ತ ಬಂದ ಯಂತ್ರವೊಂದು ಹೀಗೆ ಮೌನ ತಾಳಿದಾಗ ಸಾಮಾನ್ಯವಾಗಿ ದೊರೆಯುವ ಸಲಹೆ ಒಂದೇ: ‘ಗುಜರಿಗೆ ಹಾಕಿ, ಹೊಸದು ಕೊಳ್ಳಿ.’ ಆ ಸಲಹೆ ಎಷ್ಟೋ ಸಲ ಸರಿಯೇ ಇರಬಹುದು. ಆದರೆ ಕೆಟ್ಟಿರುವುದು ಇಡೀ ಯಂತ್ರವಲ್ಲ, ಅಂಗೈಯಗಲದ ಗ್ರಾಫಿಕ್ಸ್ ಕಾರ್ಡ್ ಮಾತ್ರ ಎಂದಾದರೆ, ಅದರ ರೋಗವನ್ನು ಗುರುತಿಸುವುದು ಹಾಗೂ ಗುಣಪಡಿಸುವುದು ಹಲವರು ಭಾವಿಸುವಷ್ಟು ಕಠಿಣವಲ್ಲ.

ಹಳೆಯ ಯಂತ್ರವನ್ನೇ ಏಕೆ ಉಳಿಸಿಕೊಳ್ಳಬೇಕು ಎಂಬ ಪ್ರಶ್ನೆ ಸಹಜ. ಕೇವಲ ಕಡತಗಳಷ್ಟೇ ಬೇಕಾಗಿದ್ದರೆ ದುರಸ್ತಿಯ ಗೊಡವೆಯೇ ಬೇಡ. ಮಾಹಿತಿ ಇರುವುದು ಹಾರ್ಡ್‌ಡಿಸ್ಕಿನಲ್ಲಿ, ಗ್ರಾಫಿಕ್ಸ್ ಕಾರ್ಡಿನಲ್ಲಲ್ಲ. ಡಿಸ್ಕನ್ನು ಬಿಚ್ಚಿ, ಐಡಿಇ ತಂತಿಯನ್ನು ಯುಎಸ್‌ಬಿಗೆ ಪರಿವರ್ತಿಸುವ ಅಡಾಪ್ಟರ್ ಮೂಲಕ ಇಂದಿನ ಲ್ಯಾಪ್‌ಟಾಪಿಗೆ ಜೋಡಿಸಿದರೆ ಕಡತಗಳು ಕೈಗೆ ಬರುತ್ತವೆ. ‘ಡಿಸ್‌ಪ್ಲೇ ಹೋಯಿತು, ಡೇಟಾ ಹೋಯಿತು’ ಎಂದು ಕಂಗಾಲಾಗುವವರು ಮೊದಲು ಈ ಸಂಗತಿಯನ್ನು ತಿಳಿಯಬೇಕು.

ಕಡತ ಕೈಗೆ ಬಂದ ಮಾತ್ರಕ್ಕೆ ಅದು ತೆರೆದುಕೊಳ್ಳುತ್ತದೆ ಎಂಬ ಖಾತರಿಯಿಲ್ಲ. ಯುನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡದ ಪುಸ್ತಕ, ಲಗ್ನಪತ್ರಿಕೆ, ಸಂಘದ ವಾರ್ಷಿಕ ವರದಿಗಳನ್ನು ಬಗೆಬಗೆಯ ಅಕ್ಷರ ಸಂಕೇತಗಳಲ್ಲಿ ಸಿದ್ಧಪಡಿಸಲಾಗುತ್ತಿತ್ತು. ಕೆಲವು ಪ್ರಕಾಶನ ತಂತ್ರಾಂಶಗಳು ಗಣಕದ ಹಿಂಬದಿಯ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ‘ಬೀಗ’ವಿಲ್ಲದೆ ಕೆಲಸ ಮಾಡುವುದೇ ಇಲ್ಲ. ಇಂದಿನ ಬಹುತೇಕ ಗಣಕಗಳಲ್ಲಿ ಆ ಪೋರ್ಟೇ ಇಲ್ಲ. ಕಾರ್ಖಾನೆಯ ಯಂತ್ರವನ್ನು ನಿಯಂತ್ರಿಸುವ ಡಾಸ್ ಗಣಕಗಳ ಕಥೆಯೂ ಇದೇ. ಇಂತಹ ಸಂದರ್ಭದಲ್ಲಿ ಹಳೆಯ ಯಂತ್ರ ಹಳೆಯ ರೂಪದಲ್ಲಿಯೇ ಬದುಕಬೇಕಾಗುತ್ತದೆ. ಅದಕ್ಕೆ ಕಣ್ಣು ಕೊಡುವ ಕಾರ್ಡೂ ಬದುಕಬೇಕಾಗುತ್ತದೆ.

ಶಬ್ದ ಹೇಳುವ ಸಮಾಚಾರ

ರೋಗಪತ್ತೆಯ ಮೊದಲ ಉಪಕರಣ ಕಿವಿ. ಗಣಕ ಚಾಲೂ ಆದ ಕೂಡಲೇ ಮದರ್‌ಬೋರ್ಡಿನಲ್ಲಿರುವ ಬಯೋಸ್ ತನ್ನ ಅಂಗಾಂಗಗಳನ್ನು ಪರೀಕ್ಷಿಸಿಕೊಂಡು ಪುಟ್ಟ ಸ್ಪೀಕರಿನ ಮೂಲಕ ‘ಬೀಪ್’ ಎನ್ನುತ್ತದೆ. ಒಂದೇ ಒಂದು ಚಿಕ್ಕ ಬೀಪ್ ಬಂದರೆ ಎಲ್ಲವೂ ಸರಿಯಿದೆ ಎಂದರ್ಥ. ಅಂದರೆ ಗ್ರಾಫಿಕ್ಸ್ ಕಾರ್ಡ್ ಜೀವಂತವಾಗಿದೆ. ದೋಷವನ್ನು ಕಾರ್ಡಿನ ಕೊನೆಯ ಹಂತದಲ್ಲಿ, ತಂತಿಯಲ್ಲಿ ಅಥವಾ ಮಾನಿಟರಿನಲ್ಲಿ ಹುಡುಕಬೇಕು. ಅವಾರ್ಡ್ ಬಯೋಸ್ ಇರುವ ಯಂತ್ರ ಒಂದು ದೀರ್ಘ, ಎರಡು ಹ್ರಸ್ವ ಬೀಪ್ ಹೊರಡಿಸಿದರೆ ಕಾರ್ಡಿನಲ್ಲಿಯೇ ತೊಂದರೆ ಎಂದು ತಿಳಿಯಬೇಕು. ಎಎಂಐ ಬಯೋಸ್ ಆದರೆ ಎಂಟು ಹ್ರಸ್ವ ಬೀಪ್‌ಗಳ ಮೂಲಕ ಕಾರ್ಡಿನ ಸ್ಮೃತಿಯತ್ತ ಬೊಟ್ಟು ಮಾಡುತ್ತದೆ.

ಶಬ್ದವೇ ಇಲ್ಲದಿದ್ದರೆ? ಆಗ ಸರಳವಾದೊಂದು ಪರೀಕ್ಷೆಯಿದೆ. ವಿದ್ಯುತ್ ಸಂಪರ್ಕ ತಪ್ಪಿಸಿ, ಕಾರ್ಡನ್ನು ಹೊರತೆಗೆದು, ಕಾರ್ಡಿಲ್ಲದೆಯೇ ಯಂತ್ರವನ್ನು ಚಾಲೂ ಮಾಡಬೇಕು. ಈಗ ದೋಷಸೂಚಕ ಬೀಪ್ ಕೇಳಿಬಂದರೆ ಮದರ್‌ಬೋರ್ಡ್, ಪ್ರೊಸೆಸರ್, ಸ್ಮೃತಿ ಮೂರೂ ಆರೋಗ್ಯವಾಗಿವೆ. ಸ್ಲಾಟಿನಲ್ಲಿದ್ದ ಕಾರ್ಡೇ ವಿದ್ಯುತ್ತನ್ನು ನೆಲಕ್ಕೆ ಹರಿಸಿ ಇಡೀ ಯಂತ್ರವನ್ನು ಕಟ್ಟಿಹಾಕಿತ್ತು. ಮದರ್‌ಬೋರ್ಡಿನಲ್ಲಿಯೇ ಗ್ರಾಫಿಕ್ಸ್ ಅಡಕವಾಗಿರುವ ಯಂತ್ರಗಳಿಗೆ ಈ ಪರೀಕ್ಷೆ ಅನ್ವಯಿಸದು.

ಈ ಹಂತದಲ್ಲಿ ಇನ್ನೊಂದು ಯಂತ್ರದ ಕಾರ್ಡನ್ನು ತಂದು ಸಿಕ್ಕಿಸಿ ನೋಡುವುದು ರೂಢಿ. ಒಳ್ಳೆಯ ಕ್ರಮವೇ ಸರಿ. ಆದರೆ ಎಜಿಪಿ ಸ್ಲಾಟಿನ ವಿಷಯದಲ್ಲಿ ಎಚ್ಚರ ಬೇಕು. 1997ರಲ್ಲಿ ಇಂಟೆಲ್ ರೂಪಿಸಿದ ಮೊದಲ ಎಜಿಪಿ 3.3 ವೋಲ್ಟ್ ಸಂಕೇತಗಳನ್ನು ಬಳಸುತ್ತಿತ್ತು. ಮರುವರ್ಷದ ಎರಡನೆಯ ಆವೃತ್ತಿಯಲ್ಲಿ ಅದು 1.5 ವೋಲ್ಟಿಗೆ ಇಳಿಯಿತು. ತಪ್ಪು ಜೋಡಣೆಯಾಗದಿರಲೆಂದು ಸ್ಲಾಟಿನೊಳಗೆ ಅಡ್ಡಪಟ್ಟಿಯನ್ನೂ ಕಾರ್ಡಿನ ಅಂಚಿನಲ್ಲಿ ಕಚ್ಚನ್ನೂ ಇಡಲಾಗಿದೆ. 3.3 ವೋಲ್ಟಿನ ಕಚ್ಚು ಕಾರ್ಡಿನ ಲೋಹದ ಬ್ರಾಕೆಟ್ಟಿಗೆ ಸಮೀಪದಲ್ಲಿ, 1.5 ವೋಲ್ಟಿನ ಕಚ್ಚು ದೂರದಲ್ಲಿ ಇರುತ್ತದೆ. ಎರಡೂ ಕಚ್ಚುಗಳಿದ್ದರೂ ವಾಸ್ತವದಲ್ಲಿ 3.3 ವೋಲ್ಟ್ ಮಾತ್ರ ಬಲ್ಲ ಕೆಲವು ಅಗ್ಗದ ಕಾರ್ಡುಗಳು ಮಾರುಕಟ್ಟೆಗೆ ಬಂದಿದ್ದವು. ಇಂಟೆಲ್ 845 ಮತ್ತು ಅನಂತರದ ಚಿಪ್‌ಸೆಟ್ ಇರುವ ಬೋರ್ಡಿಗೆ ಅಂಥದ್ದನ್ನು ಸಿಕ್ಕಿಸಿದರೆ ಕಾರ್ಡಿನ ಜೊತೆ ಬೋರ್ಡೂ ಸುಡುವ ಅಪಾಯವಿದೆ. ಪರೀಕ್ಷೆಗೆ ಹಳೆಯ ಪಿಸಿಐ ಕಾರ್ಡೊಂದನ್ನು ಇಟ್ಟುಕೊಳ್ಳುವುದೇ ಕ್ಷೇಮ.

ಪರದೆಯ ಮೇಲಿನ ಲಕ್ಷಣಗಳು

ಪರದೆ ಪೂರ್ತಿ ಕಪ್ಪಾಗದೆ ವಿಕಾರವಾಗಿ ಕಂಡರೆ ದುರಸ್ತಿಗಾರನ ಅರ್ಧ ಕೆಲಸ ಮುಗಿದಂತೆ. ವಿಕಾರದಲ್ಲಿಯೇ ರೋಗದ ವಿಳಾಸವಿರುತ್ತದೆ.

ಬಣ್ಣದ ದೋಷ ಅತ್ಯಂತ ಸುಲಭದ್ದು. ವಿಜಿಎ ತಂತಿಯ ಹದಿನೈದು ಸೂಜಿಗಳಲ್ಲಿ ಮೊದಲನೆಯದು ಕೆಂಪು, ಎರಡನೆಯದು ಹಸಿರು, ಮೂರನೆಯದು ನೀಲಿ ಬಣ್ಣವನ್ನು ಒಯ್ಯುತ್ತವೆ. ಬಿಳಿಯ ಪರದೆ ಹಳದಿಯಾಗಿ ಕಂಡರೆ ನೀಲಿ ಕಡಿದಿದೆ. ಹಸಿರುಮಿಶ್ರಿತ ನೀಲಿಯಾದರೆ ಕೆಂಪು ಇಲ್ಲ. ನೇರಳೆಗೆಂಪಾದರೆ ಹಸಿರು ಕಾಣೆಯಾಗಿದೆ. ಮೊದಲು ತಂತಿಯನ್ನು ಬದಲಿಸಿ ನೋಡಬೇಕು, ಏಕೆಂದರೆ ಬಹುಪಾಲು ತಪ್ಪು ತಂತಿಯದೇ. ದೋಷ ಹಾಗೆಯೇ ಉಳಿದರೆ ಕಾರ್ಡನ್ನು ಹೊರತೆಗೆದು ಮಲ್ಟಿಮೀಟರಿನಿಂದ ಈ ಮೂರು ಸೂಜಿಗಳಿಗೂ ನೆಲಕ್ಕೂ ನಡುವಣ ರೋಧವನ್ನು ಅಳೆಯಬೇಕು. ಹೆಚ್ಚಿನ ಕಾರ್ಡುಗಳಲ್ಲಿ ಅದು 75 ಓಮ್ ಆಸುಪಾಸಿನಲ್ಲಿರುತ್ತದೆ. ಎರಡರಲ್ಲಿ 75 ತೋರಿಸಿ ಮೂರನೆಯದರಲ್ಲಿ ಮೀಟರ್ ಏನನ್ನೂ ತೋರಿಸದಿದ್ದರೆ, ಕನೆಕ್ಟರಿನ ಬುಡದ ಬೆಸುಗೆ ಬಿಟ್ಟಿದೆ ಅಥವಾ ಅದರ ಹಿಂದಿನ ಅಕ್ಕಿಕಾಳಿನಷ್ಟು ಚಿಕ್ಕ ಬಿಡಿಭಾಗ ಕಳಚಿದೆ. ಮಾನಿಟರ್ ತಂತಿಯನ್ನು ವರ್ಷಗಟ್ಟಲೆ ಎಳೆದಾಡಿದ ಕಾರ್ಡುಗಳಲ್ಲಿ ಬೆಸುಗೆ ಬಿಡುವುದು ಸಾಮಾನ್ಯ. ಎರಡು ನಿಮಿಷದ ಕೆಲಸ.

ಅಕ್ಷರಗಳು ತಪ್ಪಾಗಿ ಮೂಡಿದರೆ ದೋಷ ಸ್ಮೃತಿಯಲ್ಲಿದೆ. ಇದನ್ನು ಸ್ವಲ್ಪ ವಿವರವಾಗಿ ನೋಡೋಣ, ಏಕೆಂದರೆ ರೋಗಪತ್ತೆಯ ಸೊಗಸು ಇಲ್ಲಿಯೇ ಇದೆ. 1987ರಲ್ಲಿ ಐಬಿಎಂ ತಂದ ವಿಜಿಎ ವ್ಯವಸ್ಥೆಯಲ್ಲಿ ಸ್ಮೃತಿಯನ್ನು ನಾಲ್ಕು ಪದರಗಳಾಗಿ ವಿಂಗಡಿಸಲಾಗಿದೆ. ಡಾಸ್‌ನಂತಹ ಅಕ್ಷರ ಪರದೆಯಲ್ಲಿ ಮೊದಲ ಪದರ ಯಾವ ಅಕ್ಷರ ಎಂಬುದನ್ನು, ಎರಡನೆಯದು ಅದರ ಬಣ್ಣವನ್ನು, ಮೂರನೆಯದು ಅಕ್ಷರದ ಆಕಾರವನ್ನು ಹಿಡಿದಿಟ್ಟುಕೊಳ್ಳುತ್ತದೆ. ಇಂಗ್ಲಿಷಿನ ‘ಎ’ ಅಕ್ಷರದ ಸಂಕೇತ 65. ದ್ವಿಮಾನ ಪದ್ಧತಿಯಲ್ಲಿ ಬರೆದರೆ 1000001. ಬಲಗಡೆಯಿಂದ ಎರಡನೆಯ ಸ್ಥಾನದ ಬಿಟ್ ಯಾವಾಗಲೂ 1 ಆಗಿಯೇ ಅಂಟಿಕೊಂಡರೆ ಅದು 1000011 ಆಗುತ್ತದೆ, ಅಂದರೆ 67, ಅಂದರೆ ‘ಸಿ’. ಹೀಗಾಗಿ ಪರದೆಯ ಮೇಲಿನ ‘ಎ’ಗಳೆಲ್ಲ ‘ಸಿ’ಗಳಾಗುತ್ತವೆ, ‘ಇ’ಗಳೆಲ್ಲ ‘ಜಿ’ಗಳಾಗುತ್ತವೆ. ವಿಚಿತ್ರವೆಂದರೆ ‘ಬಿ’ ಮಾತ್ರ ‘ಬಿ’ಯಾಗಿಯೇ ಉಳಿಯುತ್ತದೆ, ಅದರ ಸಂಕೇತವಾದ 66ರಲ್ಲಿ ಆ ಬಿಟ್ ಮೊದಲೇ 1 ಆಗಿದೆ. ಯಾವ ಅಕ್ಷರ ಯಾವುದಾಗಿ ಬದಲಾಯಿತು ಎಂದು ಕಾಗದದ ಮೇಲೆ ಬರೆದುಕೊಂಡು ಕಳೆಯುವ ಲೆಕ್ಕ ಮಾಡಿದರೆ ಸಾಕು, ಎಷ್ಟನೆಯ ಬಿಟ್ ಕೆಟ್ಟಿದೆ ಎಂಬುದು ತಿಳಿಯುತ್ತದೆ. ಹಳೆಯ ಐಎಸ್‌ಎ ಕಾರ್ಡುಗಳಲ್ಲಿ ನಾಲ್ಕು ಬಿಟ್ ಅಗಲದ ಎರಡು ಚಿಪ್‌ಗಳು ಸೇರಿ ಒಂದು ಪದರವಾಗುತ್ತಿದ್ದುದರಿಂದ ಸಂಶಯ ಎಂಟು ಚಿಪ್‌ಗಳಿಂದ ಒಂದಕ್ಕೆ ಇಳಿಯುತ್ತದೆ.

ಅಕ್ಷರಗಳು ಸರಿಯಾಗಿದ್ದು ಬಣ್ಣ ಮಾತ್ರ ತಾಳ ತಪ್ಪಿದ್ದರೆ ದೋಷ ಎರಡನೆಯ ಪದರದ್ದು. ಪ್ರತಿಯೊಂದು ಅಕ್ಷರದಲ್ಲಿಯೂ ಒಂದೇ ಸ್ಥಾನದಲ್ಲಿ ಲಂಬವಾದ ಗೆರೆ ಮೂಡಿದ್ದರೆ ಅಥವಾ ಅಳಿಸಿಹೋಗಿದ್ದರೆ ಮೂರನೆಯ ಪದರದ್ದು. ಇಷ್ಟನ್ನು ತಿಳಿಯಲು ಯಾವ ಉಪಕರಣವೂ ಬೇಕಿಲ್ಲ.

ಚಿಪ್ ಪತ್ತೆಯಾದ ಮಾತ್ರಕ್ಕೆ ಅದು ಸತ್ತಿದೆ ಎಂದಲ್ಲ. ಟ್ರೈಡೆಂಟ್, ಸಿರಸ್ ಲಾಜಿಕ್ ಚಿಪ್‌ಗಳಿದ್ದ ಕಾಲದ ಅನೇಕ ಕಾರ್ಡುಗಳಲ್ಲಿ ಸ್ಮೃತಿಯ ಚಿಪ್‌ಗಳು ಸಾಕೆಟ್ಟಿನಲ್ಲಿ ಕೂತಿರುತ್ತವೆ. ದಿನವೂ ಬಿಸಿಯಾಗಿ ತಣಿದು, ಹಿಗ್ಗಿ ಕುಗ್ಗಿ, ಅವು ಕೂದಲೆಳೆಯಷ್ಟು ಮೇಲೇಳುತ್ತವೆ. ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದಾಗ ‘ಕಟ್’ ಎಂಬ ಸದ್ದಿನೊಂದಿಗೆ ಕೂತುಕೊಂಡು ಯಂತ್ರ ಸರಿಹೋಗುವುದುಂಟು. ಕಾಲುಗಳು ಕಪ್ಪಾಗಿದ್ದರೆ ತೆಗೆದು ಒರೆಸಿ ಮತ್ತೆ ಕೂರಿಸಬೇಕು.

ಮಳೆ, ಧೂಳು ಮತ್ತು ಕರೆಂಟು

ಈ ಮೂರು ತಾಲ್ಲೂಕುಗಳ ಹವೆ ಗಣಕಯಂತ್ರಕ್ಕೆ ಹೇಳಿ ಮಾಡಿಸಿದ್ದಲ್ಲ. ಬೇಸಿಗೆಯ ಧೂಳು ಹೀಟ್‌ಸಿಂಕಿನ ಸಂದುಗಳಲ್ಲಿ ಕಂಬಳಿಯಂತೆ ಹೆಣೆದುಕೊಳ್ಳುತ್ತದೆ. ಕಾರ್ಡಿನ ಪುಟ್ಟ ಫ್ಯಾನಿನ ಎಣ್ಣೆ ಒಣಗಿ ಅದು ತಿರುಗುವುದನ್ನೇ ನಿಲ್ಲಿಸುತ್ತದೆ. ಯಂತ್ರ ಹತ್ತು ನಿಮಿಷ ಸರಿಯಾಗಿ ನಡೆದು ಅನಂತರ ಪರದೆ ಚುಕ್ಕಿಚುಕ್ಕಿಯಾಗುತ್ತಿದ್ದರೆ ಫ್ಯಾನಿನತ್ತ ನೋಡಬೇಕು. ಹಿಂಬದಿಯ ಚೀಟಿಯನ್ನು ಎಬ್ಬಿಸಿ ಹೊಲಿಗೆ ಯಂತ್ರದ ಎಣ್ಣೆಯ ಒಂದು ತೊಟ್ಟು ಬಿಟ್ಟರೆ ಫ್ಯಾನ್ ಮತ್ತೆ ಕೆಲವು ತಿಂಗಳು ತಿರುಗುತ್ತದೆ. ಹೊಸ ಫ್ಯಾನ್ ಹಾಕುವುದು ಮೇಲು. ಹೀಟ್‌ಸಿಂಕ್ ತೆಗೆದಾಗ ಒಣಗಿ ಸುಣ್ಣದಂತಾದ ಹಳೆಯ ಪೇಸ್ಟನ್ನು ಒರೆಸಿ ಹೊಸದನ್ನು ತೆಳುವಾಗಿ ಸವರಬೇಕು.

ಮಳೆಗಾಲದ ತೇವ ಸ್ಲಾಟಿನ ಸಂಪರ್ಕಗಳನ್ನು ಕೆಡಿಸುತ್ತದೆ. ಕಾರ್ಡನ್ನು ತೆಗೆದು ಅದರ ಹೊಂಬಣ್ಣದ ಅಂಚನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಮತ್ತೆ ಕೂರಿಸಿದಾಗ ಸರಿಹೋಗುವ ಕಾರ್ಡುಗಳ ಸಂಖ್ಯೆ ಸಣ್ಣದಲ್ಲ. ಪೆನ್ಸಿಲ್ ರಬ್ಬರಿನಿಂದ ಉಜ್ಜುವ ಪದ್ಧತಿ ನಮ್ಮಲ್ಲಿ ಜನಪ್ರಿಯ. ಮೆತ್ತನೆಯ ಬಿಳಿ ರಬ್ಬರಾದರೆ ಅಡ್ಡಿಯಿಲ್ಲ. ಶಾಯಿ ಅಳಿಸುವ ಒರಟು ರಬ್ಬರು ಚಿನ್ನದ ಲೇಪವನ್ನೇ ಕೆರೆದುಹಾಕುತ್ತದೆ. ಮುಂದಿನ ಮಳೆಗಾಲಕ್ಕೆ ತುಕ್ಕು ಇನ್ನಷ್ಟು ಬೇಗ ಹಿಡಿಯುತ್ತದೆ.

ಇನ್ನು ಕರೆಂಟು. ಗೋಕಾಕ ಜಲಪಾತದ ನೀರಿನ ಬಲದಿಂದ ಹತ್ತಿ ಗಿರಣಿ 1887ರಷ್ಟು ಹಿಂದೆಯೇ ಓಡಿದ ನೆಲವಿದು. ಪಕ್ಕದ ಹುಕ್ಕೇರಿಯಲ್ಲಿ 1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ, ದೇಶದಲ್ಲಿ ಪ್ರಾಯೋಗಿಕವಾಗಿ ಆರಂಭಿಸಿದ ಮೊದಲ ಐದು ಇಂತಹ ಸಂಘಗಳಲ್ಲಿ ಒಂದು. ರಾಜ್ಯದ ಉಳಿದೆಡೆ ಸರ್ಕಾರಿ ಕಂಪನಿಗಳು ಮಾಡುವ ವಿತರಣೆಯ ಕೆಲಸವನ್ನು ಅಲ್ಲಿ ಸದಸ್ಯರ ಸಂಘವೇ ಮಾಡುತ್ತ ಬಂದಿದೆ. ವಿದ್ಯುತ್ತಿನ ಇತಿಹಾಸ ಇಷ್ಟು ದೀರ್ಘವಾಗಿದ್ದರೂ ನೀರಾವರಿ ಪಂಪ್‌ಸೆಟ್ಟುಗಳು ಹೆಚ್ಚಿರುವ ಯಾವುದೇ ಗ್ರಾಮೀಣ ಪ್ರದೇಶದಂತೆ ಇಲ್ಲಿಯೂ ವೋಲ್ಟೇಜಿನ ಏರಿಳಿತ ಗಣಕಯಂತ್ರ ಎದುರಿಸಲೇಬೇಕಾದ ಸಂಗತಿ. ಅದರ ಮೊದಲ ಪೆಟ್ಟು ಬೀಳುವುದು ಗಣಕದ ಪವರ್ ಸಪ್ಲೈ ಪೆಟ್ಟಿಗೆಗೆ. ಅದರೊಳಗಿನ ಕೆಪಾಸಿಟರುಗಳು ಸೊರಗಿದಾಗ ಹೊರಬರುವ ವಿದ್ಯುತ್ತಿನಲ್ಲಿ ಅಲೆಗಳು ಹೆಚ್ಚಾಗುತ್ತವೆ. ಆ ಅಲೆಗಳನ್ನು ನುಂಗುವ ಭಾರ ಗ್ರಾಫಿಕ್ಸ್ ಕಾರ್ಡಿನ ಕೆಪಾಸಿಟರುಗಳ ಮೇಲೆ ಬೀಳುತ್ತದೆ. ಆದ್ದರಿಂದ ಕಾರ್ಡನ್ನು ರಿಪೇರಿ ಮಾಡಿ ಹಳೆಯ ಪವರ್ ಸಪ್ಲೈಗೇ ಮತ್ತೆ ಜೋಡಿಸುವುದು, ಸೋರುವ ಮಾಡಿನ ಕೆಳಗೆ ಗೋಡೆಗೆ ಸುಣ್ಣ ಹೊಡೆದಂತೆ.

ಉಬ್ಬಿದ ಡಬ್ಬಿಗಳು

1999ರಿಂದ 2007ರವರೆಗೆ ತಯಾರಾದ ಮದರ್‌ಬೋರ್ಡು, ಗ್ರಾಫಿಕ್ಸ್ ಕಾರ್ಡುಗಳಲ್ಲಿ ಒಂದು ವಿಶೇಷ ಪಿಡುಗು ಕಂಡುಬರುತ್ತದೆ. ಆ ಅವಧಿಯಲ್ಲಿ, ಮುಖ್ಯವಾಗಿ ತೈವಾನಿನಲ್ಲಿ ತಯಾರಾದ ಎಷ್ಟೋ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳೊಳಗಿನ ದ್ರವ ಕಳಪೆಯಾಗಿತ್ತು. ಕೆಲವೇ ವರ್ಷಗಳಲ್ಲಿ ಒಳಗೆ ಅನಿಲ ಉತ್ಪತ್ತಿಯಾಗಿ ಡಬ್ಬಿಯ ತಲೆ ಉಬ್ಬುತ್ತಿತ್ತು, ಕೆಲವೊಮ್ಮೆ ಒಡೆದು ಕಂದು ಬಣ್ಣದ ಹಿಟ್ಟು ಹೊರಬರುತ್ತಿತ್ತು. ನಮ್ಮ ಸೈಬರ್ ಕೆಫೆಗಳು ತುಂಬಿ ತುಳುಕುತ್ತಿದ್ದ ಕಾಲವೂ ಅದೇ; ಜಿಫೋರ್ಸ್ 2 ಎಂಎಕ್ಸ್, ಜಿಫೋರ್ಸ್ 4 ಎಂಎಕ್ಸ್, ಎಫ್‌ಎಕ್ಸ್ 5200 ಕಾರ್ಡುಗಳ ಕಾಲವೂ ಅದೇ.

ಒಳ್ಳೆಯ ಕೆಪಾಸಿಟರಿಗೂ ಆಯುಷ್ಯವೆಂಬುದಿದೆ. 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 2000 ಗಂಟೆ ಬಾಳುವುದೆಂದು ನಮೂದಿಸಿದ ಕೆಪಾಸಿಟರ್, ಉಷ್ಣತೆ ಹತ್ತು ಡಿಗ್ರಿ ಇಳಿದಂತೆಲ್ಲ ಸುಮಾರು ಎರಡರಷ್ಟು ಕಾಲ ಬಾಳುತ್ತದೆ. 85 ಡಿಗ್ರಿಯಲ್ಲಿ 8000 ಗಂಟೆ, 65 ಡಿಗ್ರಿಯಲ್ಲಿ 32000 ಗಂಟೆ. ಧೂಳು ತುಂಬಿದ ಪೆಟ್ಟಿಗೆಯೊಳಗೆ ಉಷ್ಣತೆ ಏರಿದಾಗ ಲೆಕ್ಕ ತಿರುಗುಮುರುಗಾಗುತ್ತದೆ. ಫ್ಯಾನಿನ ಧೂಳಿಗೂ ಕೆಪಾಸಿಟರಿನ ಸಾವಿಗೂ ಇರುವ ಸಂಬಂಧ ಇದು.

ಬದಲಾಯಿಸುವ ವಿಧಾನ ಹೀಗೆ. ಡಬ್ಬಿಯ ಮೇಲೆ ಮುದ್ರಿತವಾದ ಎರಡು ಸಂಖ್ಯೆಗಳನ್ನು ಬರೆದುಕೊಳ್ಳಬೇಕು: ಉದಾಹರಣೆಗೆ 1000 ಮೈಕ್ರೋಫ್ಯಾರಡ್, 6.3 ವೋಲ್ಟ್. ಹೊಸದು ಅಷ್ಟೇ ಮೈಕ್ರೋಫ್ಯಾರಡ್ ಇರಬೇಕು. ವೋಲ್ಟ್ ಅಷ್ಟೇ ಅಥವಾ ಹೆಚ್ಚು ಇರಬಹುದು, ಕಡಿಮೆ ಇರಕೂಡದು. 105 ಡಿಗ್ರಿಯ, ಒಳರೋಧ ಕಡಿಮೆಯಿರುವ ದರ್ಜೆಯದನ್ನೇ ಕೇಳಿ ಪಡೆಯಬೇಕು. ಟೇಪ್‌ರೆಕಾರ್ಡರಿಗೆ ಹಾಕುವ ಸಾಮಾನ್ಯ ಕೆಪಾಸಿಟರ್ ಇಲ್ಲಿ ಬಹುಕಾಲ ನಿಲ್ಲದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಯಾಗಿ ಸಿಗುತ್ತವೆ. ಅಂತರ್ಜಾಲದ ಅಂಗಡಿಗಳೂ ಮನೆಗೆ ತಲುಪಿಸುತ್ತವೆ.

ಧ್ರುವದ ವಿಷಯದಲ್ಲಿ ಮೈಮರೆಯುವಂತಿಲ್ಲ. ಎಲೆಕ್ಟ್ರೋಲಿಟಿಕ್ ಡಬ್ಬಿಯ ಮೇಲಿನ ಪಟ್ಟಿ ಋಣಧ್ರುವವನ್ನು ಸೂಚಿಸುತ್ತದೆ. ಹಳದಿ ಬಣ್ಣದ ಚಪ್ಪಟೆ ಟ್ಯಾಂಟಲಮ್ ಕೆಪಾಸಿಟರಿನ ಮೇಲಿನ ಪಟ್ಟಿ ಇದಕ್ಕೆ ತದ್ವಿರುದ್ಧ. ಅದು ಧನಧ್ರುವದ ಗುರುತು. ಸಾಲದೆಂಬಂತೆ ಬೋರ್ಡಿನ ಮೇಲೆ ಬಣ್ಣ ಬಳಿದ ಅರ್ಧವೃತ್ತ ಬಹುತೇಕ ಕಡೆ ಋಣವನ್ನು ಸೂಚಿಸಿದರೂ ಕೆಲವು ತಯಾರಕರು ಅದನ್ನು ಧನಕ್ಕೆ ಬಳಸಿದ್ದಾರೆ. ಬಿಚ್ಚುವ ಮುನ್ನ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಂಡರೆ ಈ ಗೊಂದಲವೆಲ್ಲ ತಪ್ಪುತ್ತದೆ. ತಿರುವುಮುರುವಾಗಿ ಹಾಕಿದ ಕೆಪಾಸಿಟರ್ ಪಟಾಕಿಯಂತೆ ಸಿಡಿಯುತ್ತದೆ. ಹೊಸದಕ್ಕೆ ಮೊದಲ ಬಾರಿ ವಿದ್ಯುತ್ ಕೊಡುವಾಗ ಮುಖವನ್ನು ದೂರವಿಡುವುದು ಒಳ್ಳೆಯದು.

ಐಎಸ್‌ಎ ಕಾರ್ಡುಗಳಲ್ಲಿ ಈ ಟ್ಯಾಂಟಲಮ್‌ಗಳದೇ ಕಾಟ. ವಯಸ್ಸಾದಂತೆ ಅವು ಒಳಗೊಳಗೇ ಶಾರ್ಟ್ ಆಗುತ್ತವೆ. ಗುಂಡಿ ಒತ್ತಿದಾಗ ಫ್ಯಾನ್ ಒಮ್ಮೆ ಕದಲಿ ನಿಂತುಬಿಡುವ ಯಂತ್ರದಲ್ಲಿ ಕಾರ್ಡನ್ನು ತೆಗೆದು, 12 ವೋಲ್ಟ್ ಮತ್ತು 5 ವೋಲ್ಟ್ ಸಂಪರ್ಕಗಳಿಗೂ ನೆಲಕ್ಕೂ ನಡುವೆ ರೋಧ ಅಳೆಯಬೇಕು. ಸೊನ್ನೆಯ ಸನಿಹವಿದ್ದರೆ ಕಳ್ಳ ಸಿಕ್ಕಂತೆ. ತುಸು ಹೊಸ ಎಜಿಪಿ ಕಾರ್ಡುಗಳಲ್ಲಿ ಮಾತ್ರ ಒಂದು ಅಪವಾದವಿದೆ: ಮುಖ್ಯ ಚಿಪ್ಪಿಗೆ ಕಡಿಮೆ ವೋಲ್ಟೇಜ್ ಒದಗಿಸುವ ಮಾರ್ಗದಲ್ಲಿ ಕೆಲವೇ ಓಮ್ ರೋಧವಿರುವುದು ಸಹಜ ಸ್ಥಿತಿ. ಅದನ್ನು ಶಾರ್ಟ್ ಎಂದು ಭಾವಿಸಿ ಒಳ್ಳೆಯ ಚಿಪ್ಪನ್ನು ಕೀಳುವ ಮೆಕ್ಯಾನಿಕರಿದ್ದಾರೆ.

ಬೆಸುಗೆ ಹಾಕುವಾಗ ಉಷ್ಣತೆಯ ಅರಿವು ಬೇಕು. ಸೀಸ ಮತ್ತು ತವರ ಸೇರಿದ ಹಳೆಯ ಬೆಸುಗೆ 183 ಡಿಗ್ರಿಯಲ್ಲಿ ಕರಗುತ್ತದೆ. 2006ರ ಜುಲೈನಲ್ಲಿ ಐರೋಪ್ಯ ಒಕ್ಕೂಟ ಸೀಸವನ್ನು ನಿರ್ಬಂಧಿಸಿದ ಬಳಿಕ ಬಂದ ಬೆಸುಗೆ ಕರಗಲು 217 ಡಿಗ್ರಿ ಬೇಕು. ಅಂತಹ ಬೋರ್ಡಿನಲ್ಲಿ ಮೊದಲು ಒಂದಿಷ್ಟು ಹಳೆಯ ಮಾದರಿಯ ಬೆಸುಗೆಯನ್ನು ಬೆರೆಸಿದರೆ ಕೆಲಸ ಸಲೀಸಾಗುತ್ತದೆ.

ಒಲೆಯಲ್ಲಿ ಬೇಯಿಸುವ ಚಿಕಿತ್ಸೆ

ಕೆಟ್ಟ ಕಾರ್ಡನ್ನು ಒಲೆಯಲ್ಲಿ ಬೇಯಿಸಿದರೆ ಸರಿಹೋಗುತ್ತದೆ ಎಂಬ ಮಾತು ಬಹಳ ಪ್ರಚಾರ ಪಡೆದಿದೆ. ಸತ್ತ ಕಾರ್ಡುಗಳು ಹಾಗೆ ಎದ್ದು ಕೂತದ್ದೂ ನಿಜವೇ. ಆದರೆ ಗುಣವಾಗುವ ಬಗೆ ಬೇರೆ. ಚಿಪ್ಪಿನ ಕೆಳಗಿನ ಬೆಸುಗೆಯ ಗುಂಡುಗಳು ಕರಗಿ ಕೂಡಿಕೊಂಡವು ಎಂದು ಜನ ಭಾವಿಸುತ್ತಾರೆ. ಎಷ್ಟೋ ಸಂದರ್ಭಗಳಲ್ಲಿ ಬಿರುಕಿರುವುದು ಅಲ್ಲಲ್ಲ, ಚಿಪ್ಪಿನ ಪೊಟ್ಟಣದ ಒಳಗೆ, ಸಿಲಿಕಾನ್ ಬಿಲ್ಲೆಯನ್ನು ಅದರ ಆಧಾರಕ್ಕೆ ಜೋಡಿಸುವ ಸೂಕ್ಷ್ಮ ಉಬ್ಬುಗಳಲ್ಲಿ. ಶಾಖಕ್ಕೆ ಅವು ಹಿಗ್ಗಿ ತಾತ್ಕಾಲಿಕವಾಗಿ ತಾಗುತ್ತವೆ. ಕೆಲವು ವಾರಗಳಲ್ಲಿ ಮತ್ತೆ ಬಿಡುತ್ತವೆ. 2008ರ ಜುಲೈನಲ್ಲಿ ಎನ್‌ವಿಡಿಯಾ ಕಂಪನಿ ಲ್ಯಾಪ್‌ಟಾಪುಗಳ ಕೆಲವು ಚಿಪ್‌ಗಳಲ್ಲಿ ಇಂತಹುದೇ ಪೊಟ್ಟಣದ ದೌರ್ಬಲ್ಯವಿರುವುದನ್ನು ಒಪ್ಪಿಕೊಂಡು, ಪರಿಹಾರಕ್ಕಾಗಿ 15ರಿಂದ 20 ಕೋಟಿ ಡಾಲರ್ ತೆಗೆದಿರಿಸುವುದಾಗಿ ಪ್ರಕಟಿಸಿತ್ತು. ಚಿಪ್ಪನ್ನೇ ಬದಲಿಸುವುದಷ್ಟೇ ಇದಕ್ಕೆ ಶಾಶ್ವತ ಪರಿಹಾರ. ಸಣ್ಣ ಊರಿನ ಅಂಗಡಿಯಲ್ಲಿ ಅದು ಸಾಧ್ಯವಾಗುವ ಮಾತಲ್ಲ.

ಹೀಗಾಗಿ ಈ ಚಿಕಿತ್ಸೆಯನ್ನು ಚಿಕಿತ್ಸೆ ಎನ್ನುವುದಕ್ಕಿಂತ ಕೊನೆಯುಸಿರಿನ ಹೊತ್ತಿನ ಗುಟುಕು ನೀರು ಎನ್ನಬಹುದು. ಅಡುಗೆಗೆ ಬಳಸುವ ಅವೆನ್ನಿನಲ್ಲಂತೂ ಸರ್ವಥಾ ಕೂಡದು. ಹಳೆಯ ಕಾರ್ಡಿನಲ್ಲಿ ಸೀಸವಿದೆ, ಬಿಸಿಗೆ ಒಡೆಯುವ ಕೆಪಾಸಿಟರುಗಳಿವೆ, ಪ್ಲಾಸ್ಟಿಕ್ಕಿನ ಹೊಗೆಯಿದೆ. ಮರುದಿನ ಅದೇ ಒಲೆಯಲ್ಲಿ ಮಕ್ಕಳಿಗೆ ಕೇಕು ಬೇಯಬೇಕು.

ನೆರೆಯಲ್ಲಿ ನೆನೆದ ಕಾರ್ಡು

2019ರ ಆಗಸ್ಟ್‌ನಲ್ಲಿ ಘಟಪ್ರಭೆ, ಮಾರ್ಕಂಡೇಯ ನದಿಗಳು ಉಕ್ಕಿ ಗೋಕಾಕ ಪಟ್ಟಣದೊಳಗೆ ನುಗ್ಗಿದವು. ಲೋಳಸೂರ ಸೇತುವೆ ಮುಳುಗಿತು. 2021ರ ಜುಲೈನಲ್ಲಿ ನೆರೆ ಮರುಕಳಿಸಿತು. ಅಂತಹ ನೀರಿನಲ್ಲಿ ನೆನೆದ ಯಂತ್ರವೆಂದರೆ ಸತ್ತಂತೆಯೇ ಎಂದು ಹಲವರು ಕೈಬಿಡುತ್ತಾರೆ. ನಿಜವಾಗಿ ನೋಡಿದರೆ ನೀರೊಂದೇ ಕಾರ್ಡನ್ನು ಅಷ್ಟು ಬೇಗ ಕೊಲ್ಲುವುದಿಲ್ಲ. ನೀರಿನ ಜೊತೆ ವಿದ್ಯುತ್ ಸೇರಿದಾಗ ತಾಮ್ರದ ಗೆರೆಗಳು ಕರಗತೊಡಗುತ್ತವೆ. ಮದರ್‌ಬೋರ್ಡಿನಲ್ಲಿರುವ ರೂಪಾಯಿ ನಾಣ್ಯದಂತಹ ಬ್ಯಾಟರಿ, ಸಂಪರ್ಕ ತಪ್ಪಿಸಿದ ಮೇಲೂ ಈ ಕೆಲಸವನ್ನು ಮುಂದುವರಿಸುತ್ತದೆ. ಆದುದರಿಂದ ನೆನೆದ ಗಣಕದಿಂದ ಮೊದಲು ತೆಗೆಯಬೇಕಾದುದು ಆ ಬ್ಯಾಟರಿ. ‘ಒಣಗಿದೆಯೇನೋ, ಒಮ್ಮೆ ಹಚ್ಚಿ ನೋಡೋಣ’ ಎಂಬ ಆತುರವೇ ಹೆಚ್ಚು ಯಂತ್ರಗಳನ್ನು ಕೊಂದಿದೆ.

ಕಾರ್ಡಿನ ಫ್ಯಾನ್ ಮತ್ತು ಹೀಟ್‌ಸಿಂಕನ್ನು ಬಿಚ್ಚಿ, ನದಿಯ ಕೆಸರನ್ನು ಮೆತ್ತನೆಯ ಬ್ರಷ್ಷಿನಿಂದ ಡಿಸ್ಟಿಲ್ಡ್ ನೀರಿನಲ್ಲಿ ತೊಳೆಯಬೇಕು. ಕೊಳವೆಬಾವಿಯ ಗಡಸು ನೀರು ಒಣಗಿದಾಗ ಲವಣದ ಪದರ ಬಿಡುವುದರಿಂದ ಅದು ಬೇಡ. ಕೊನೆಯಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಜಾಲಾಡಿ, ನೆರಳಿನಲ್ಲಿ ಫ್ಯಾನಿನ ಗಾಳಿಗೆ ಎರಡು ಮೂರು ದಿನ ಒಣಗಿಸಬೇಕು. ಚಿಪ್ಪಿನ ಅಡಿಯ ತೇವ ಎಲ್ಲಕ್ಕಿಂತ ಕೊನೆಗೆ ಆರುತ್ತದೆ. ಹಸಿರು ಕಿಲುಬು ಹಿಡಿದ ಕಡೆ ತಾಮ್ರದ ಗೆರೆ ಕಡಿದಿದೆಯೇ ಎಂದು ಮೀಟರಿನಿಂದ ನೋಡಿ, ಕಡಿದಿದ್ದರೆ ಕೂದಲಿನಂತಹ ತಂತಿಯನ್ನು ಬೆಸೆದು ಸೇರಿಸಬಹುದು. ಗಾಜಿನ ಕೊಳವೆಯ ಹಳೆಯ ಮಾನಿಟರನ್ನು ಮಾತ್ರ ಯಾರೂ ಬಿಚ್ಚುವ ಸಾಹಸ ಮಾಡಬಾರದು. ಬಣ್ಣದ ಮಾನಿಟರಿನೊಳಗೆ 20 ಸಾವಿರ ವೋಲ್ಟಿಗೂ ಮಿಗಿಲಾದ ವಿದ್ಯುತ್ ಇರುತ್ತದೆ. ಪ್ಲಗ್ ತೆಗೆದ ಮೇಲೂ ಅದು ಕೊಳವೆಯಲ್ಲಿ ಉಳಿದಿರಬಹುದು.

ಕನ್ನಡ ತೋರಿಸಿದ ಕಾರ್ಡು

ಹಳೆಯ ಪೆಟ್ಟಿಗೆ ಬಿಚ್ಚಿದಾಗ ಮಾಮೂಲಿ ಗ್ರಾಫಿಕ್ಸ್ ಕಾರ್ಡಿನ ಜೊತೆ ಅಪರಿಚಿತವಾದ ಇನ್ನೊಂದು ಉದ್ದನೆಯ ಕಾರ್ಡು ಕಂಡರೆ ಎಸೆಯುವ ಮುನ್ನ ಅದರ ಮೇಲಿನ ಹೆಸರನ್ನು ಓದಬೇಕು. ಅದು ‘ಜಿಸ್ಟ್’ ಕಾರ್ಡ್ ಆಗಿರಬಹುದು. ಕಾನ್ಪುರದ ಐಐಟಿಯಲ್ಲಿ 1980ರ ದಶಕದಲ್ಲಿ ನಡೆದ ಸಂಶೋಧನೆಯ ಫಲವನ್ನು ಪುಣೆಯ ಸಿ-ಡ್ಯಾಕ್ ಸಂಸ್ಥೆ ಕಾರ್ಡಿನ ರೂಪದಲ್ಲಿ ಮಾರುಕಟ್ಟೆಗೆ ತಂದಿತು. ಇಂಗ್ಲಿಷ್ ಬಿಟ್ಟರೆ ಬೇರೇನನ್ನೂ ಅರಿಯದ ಡಾಸ್ ತಂತ್ರಾಂಶಗಳ ಪರದೆಯ ಮೇಲೆ ಕನ್ನಡವೂ ಸೇರಿದಂತೆ ಭಾರತೀಯ ಲಿಪಿಗಳನ್ನು ಮೂಡಿಸಿದ್ದು ಈ ಕಾರ್ಡು. ಒತ್ತಕ್ಷರ, ಕೊಂಬು, ದೀರ್ಘಗಳನ್ನು ಜೋಡಿಸುವ ಕೆಲಸವನ್ನು ಗಣಕದ ಬದಲು ಕಾರ್ಡೇ ಮಾಡುತ್ತಿತ್ತು. ಅದು ಬಳಸಿದ ‘ಇಸ್ಕಿ’ ಸಂಕೇತ 1991ರಲ್ಲಿ ಭಾರತೀಯ ಮಾನಕವಾಯಿತು. ಯುನಿಕೋಡಿನ ಕನ್ನಡ ವಿಭಾಗದ ವಿನ್ಯಾಸಕ್ಕೂ ಇಸ್ಕಿಯೇ ಆಧಾರ. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ಕನ್ನಡ ಕಲಿಯುವುದಕ್ಕೂ ಒಂದು ದಶಕ ಮುಂಚಿನ ಮಾತಿದು. ಇಂತಹ ಕಾರ್ಡು ಕೆಟ್ಟಿದ್ದರೂ ಕಾದಿಡಲು ಯೋಗ್ಯ. ಇಸ್ಕಿಯಲ್ಲಿರುವ ಕಡತಗಳನ್ನು ಯುನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳು ಲಭ್ಯವಿರುವುದರಿಂದ ಅಕ್ಷರಗಳನ್ನು ಉಳಿಸಿಕೊಳ್ಳಲು ಕಾರ್ಡು ಸರಿಹೋಗಲೇಬೇಕೆಂದಿಲ್ಲ.

ಎಷ್ಟು ಮಾಡಿದರೂ ಏಳದ ಕಾರ್ಡನ್ನು ಬಿಡಿಭಾಗಗಳ ಗಣಿಯೆಂದು ತಿಳಿಯಬೇಕು. ಅದರ ಫ್ಯಾನ್, ಕನೆಕ್ಟರ್, ಸ್ಮೃತಿಯ ಚಿಪ್‌ಗಳು ಇನ್ನೊಂದು ಕಾರ್ಡಿಗೆ ಒದಗುತ್ತವೆ. ಉಳಿದುದನ್ನು ಗುಜರಿಯವನ ಕೈಗೆ ಕೊಟ್ಟರೆ ಚಿನ್ನಕ್ಕಾಗಿ ಬಯಲಿನಲ್ಲಿ ಸುಡುವ ಸಂಭವವಿದೆ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಅದು ಸೇರಬೇಕಾದುದು ನೋಂದಾಯಿತ ಮರುಬಳಕೆದಾರರ ಬಳಿಗೆ.

ಸರಿಹೋದ ಕಾರ್ಡನ್ನು ಸ್ಲಾಟಿಗೆ ಹಾಕಿ, ಬ್ರಾಕೆಟ್ಟಿನ ತಿರುಪನ್ನು ಮರೆಯದೆ ಬಿಗಿದು, ಒಂದು ಗಂಟೆಯಾದರೂ ಓಡಿಸಿ ನೋಡಬೇಕು. ಬಿಸಿಯಾದ ಮೇಲೆ ತೋರುವ ದೋಷಗಳು ಮೊದಲ ಹತ್ತು ನಿಮಿಷಗಳಲ್ಲಿ ಕಾಣುವುದಿಲ್ಲ. ಕಾರ್ಡನ್ನು ಬಿಡಿಯಾಗಿ ತೆಗೆದಿಡುವುದಾದರೆ ಸ್ಥಾಯೀವಿದ್ಯುತ್ ತಡೆಯುವ ಬೂದುಬಣ್ಣದ ಚೀಲದಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣವೊಂದನ್ನು ಜೊತೆಗಿಟ್ಟು, ಕಾರ್ಡಿನ ಹೆಸರು, ಸ್ಲಾಟಿನ ವೋಲ್ಟೇಜ್, ಬದಲಿಸಿದ ಭಾಗಗಳನ್ನು ಬರೆದ ಚೀಟಿಯನ್ನು ಮೇಲೆ ಅಂಟಿಸಬೇಕು. ಮಳೆ ಹಿಡಿಯುವ ಜೂನ್ ತಿಂಗಳಿಗೆ ಮೊದಲೇ ಈ ಕೆಲಸ ಮುಗಿದರೆ ಒಳಿತು. ನೆಲದ ಮೇಲಿನ ಪೆಟ್ಟಿಗೆಯಲ್ಲಲ್ಲ, ಅಟ್ಟದ ಮೇಲೆ.